ನೀರಿನಡಿಯ ಗೋಡೆಗೆ ಯಾರು ಹೊಣೆ?



ನಮ್ಮ ಮಿನ್ನೆಸೋಟದ ಕನ್ನಡಿಗರಲ್ಲಿ ಡುಲೂತ್ ನೋಡದವರು ಯಾರಿದ್ದಾರೆ ಹೇಳಿ? ಊರಿಂದ ಅಪ್ಪ-ಅಮ್ಮನೋ ಅತ್ತೆ-ಮಾವನೋ ಬಂದರೆ ಒಂದು ದಿನ ಮಾಲ್ ಆಫ್ ಅಮೆರಿಕ, ಒಂದು ದಿನ ಡುಲೂತ್ ಅಂತ ಲೆಕ್ಕ. ಪುಳಿಯೋಗರೆ, ಮೊಸರನ್ನ ಬುತ್ತಿ ಕಟ್ಟಿಕೊಂಡು ಎರಡೂವರೆ ಗಂಟೆ ಉತ್ತರಕ್ಕೆ ಕಾರು ಓಡಿಸಿದರೆ ಕಣ್ಣು ಹಾಯುವಷ್ಟು ದೂರ ಸುಪೀರಿಯರ್ ಸರೋವರ. ಗಂಟೆ ಬಾರಿಸುತ್ತದೆ, ಸೇತುವೆ ಮೇಲಕ್ಕೆ ಏಳುತ್ತದೆ, ಅದರ ಕೆಳಗೆ ಸಾವಿರ ಅಡಿ ಉದ್ದದ ಹಡಗೊಂದು ಕೈಗೆ ಸಿಗುವಷ್ಟು ಹತ್ತಿರ ಹಾದು ಹೋಗುತ್ತದೆ. ಮಕ್ಕಳು ಕೈ ಬೀಸುತ್ತಾರೆ, ನಾವು ಫೋಟೋ ತೆಗೆಯುತ್ತೇವೆ, ಬುತ್ತಿ ಬಿಚ್ಚುತ್ತೇವೆ, ವಾಪಸು ಬರುತ್ತೇವೆ.

ಕಳೆದ ಬೇಸಿಗೆಯಲ್ಲಿ ನಮ್ಮ ಅಪ್ಪ ಬಂದಿದ್ದರು. ಅವರು ಪಣಂಬೂರಿನ ಬಂದರಿನಲ್ಲಿ ದುಡಿದು ನಿವೃತ್ತರಾದವರು. ಕುದುರೆಮುಖದ ಅದಿರು ಹಡಗಿಗೆ ತುಂಬುವುದನ್ನು ನೋಡುತ್ತಲೇ ಅವರ ನೌಕರಿಯ ಹೆಚ್ಚಿನ ವರ್ಷಗಳು ಕಳೆದಿದ್ದವು. ಹಾಗಾಗಿ ಡುಲೂತ್‌ನ ಅದಿರು ಹಡಗು ಅವರಿಗೇನೂ ಹೊಸತಲ್ಲ. ಮೊಮ್ಮಕ್ಕಳು ಸೇತುವೆ ನೋಡುತ್ತಿದ್ದರೆ ಇವರು ಮಾತ್ರ ದಕ್ಕೆಯ ಅಂಚಿನಲ್ಲಿ ಬಗ್ಗಿ ನೀರನ್ನೇ ದಿಟ್ಟಿಸುತ್ತಿದ್ದರು.

"ಎಂತ ಅಪ್ಪ, ಮೀನು ಉಂಟಾ?" ಅಂದೆ.

"ಮೀನಲ್ಲ ಮಾರಾಯ, ಈ ಗೋಡೆ ನೋಡು. ಮೈಯೆಲ್ಲ ಗುಳ್ಳೆ ಎದ್ದಿದೆ. ಇದು ಬರೀ ತುಕ್ಕಲ್ಲ, ಹುಣ್ಣು."

ನಾನು ಲೋಹಶಾಸ್ತ್ರ ಓದಿದವನು. ಪೈಪು, ಟ್ಯಾಂಕುಗಳ ತಪಾಸಣೆಯಲ್ಲೇ ಇಪ್ಪತ್ತೈದು ವರ್ಷ ಅನ್ನ ತಿಂದವನು. ಹತ್ತು ಸಲ ಡುಲೂತ್‌ಗೆ ಹೋಗಿದ್ದರೂ ಒಂದು ಸಲವೂ ಬಗ್ಗಿ ಆ ಗೋಡೆ ನೋಡಿರಲಿಲ್ಲ! ನಾಚಿಕೆಯಾಯಿತು. ಆ ನಾಚಿಕೆಯಿಂದಲೇ ಈ ಲೇಖನ ಬರೆಯುತ್ತಿದ್ದೇನೆ. ಸಂಘದ ಇ-ಪತ್ರಿಕೆಯಲ್ಲಿ ಯುಗಾದಿ, ಪಿಕ್‌ನಿಕ್, ಕನ್ನಡ ಶಾಲೆಯ ಸುದ್ದಿಯ ನಡುವೆ ತುಕ್ಕಿನ ಪುರಾಣ ಯಾಕೆ ಅನ್ನಬೇಡಿ. ಇದು ನಮ್ಮ ತೆರಿಗೆಯ ಮಾತು, ನಮ್ಮಲ್ಲಿ ಅನೇಕರ ಕೆಲಸದ ಮಾತು, ಊರಿನ ಕರಾವಳಿಯ ಮಾತು ಕೂಡ.

ಮೊದಲು ಡುಲೂತ್‌ನ ಕಥೆ. ಅಲ್ಲಿಯ ದಕ್ಕೆಗಳ ಗೋಡೆ ಕಲ್ಲಿನದ್ದಲ್ಲ. ಉದ್ದುದ್ದ ಉಕ್ಕಿನ ಹಲಗೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೆಸರಿನೊಳಗೆ ಹೊಡೆದು ನಿಲ್ಲಿಸಿದ ಗೋಡೆ. ಶೀಟ್ ಪೈಲ್ ಎನ್ನುತ್ತಾರೆ. ಅದರ ಹಿಂದೆ ಮಣ್ಣು ತುಂಬಿ, ಮೇಲೆ ಕಾಂಕ್ರೀಟ್ ಹಾಸಿ, ಅದರ ಮೇಲೆ ರೈಲು, ಕ್ರೇನು ಓಡಾಡುತ್ತವೆ. ಡುಲೂತ್ ಮತ್ತು ಪಕ್ಕದ ಸುಪೀರಿಯರ್ ಬಂದರಿನಲ್ಲಿ ಇಂತಹ ಗೋಡೆ ಸುಮಾರು 20 ಕಿಲೋಮೀಟರ್ ಉದ್ದ ಇದೆ. 1998ರಲ್ಲಿ ನೀರಿಗಿಳಿದ ಮುಳುಗುಗಾರರಿಗೆ ಒಂದು ವಿಚಿತ್ರ ಕಂಡಿತು. ಗೋಡೆಯ ಮೈಮೇಲೆ ಕಿತ್ತಳೆ ಬಣ್ಣದ ಗುಳ್ಳೆಗಳು. ಗುಳ್ಳೆ ಕೆರೆದರೆ ಒಳಗೆ ಕಪ್ಪು ರಾಡಿ. ರಾಡಿ ತೆಗೆದರೆ ಉಕ್ಕಿನಲ್ಲಿ ಬಟ್ಟಲಿನಂತಹ ಗುಳಿ. ಕೆಲವು ಕಡೆ ಗುಳಿ ಆಚೆಗೆ ತೂತಾಗಿ ಹೋಗಿತ್ತು.

ಅಮೆರಿಕದ ಸೇನೆಯ ಎಂಜಿನಿಯರ್ ದಳದವರು 2004ರಲ್ಲಿ ತಜ್ಞರನ್ನು ಕರೆಸಿ ಕೇಳಿದರು. ಸಿಹಿನೀರಿನಲ್ಲಿ ಉಕ್ಕು ಇಷ್ಟು ಬೇಗ ಸವೆಯುವಂತಿಲ್ಲ. ಇಲ್ಲಿ ಎರಡರಿಂದ ಹನ್ನೆರಡು ಪಟ್ಟು ವೇಗವಾಗಿ ಸವೆಯುತ್ತಿದೆ ಎಂಬ ಅಂದಾಜು ಬಂತು. ಗೋಡೆಗಳನ್ನೆಲ್ಲ ಬದಲಿಸುವುದಾದರೆ ಹತ್ತು ಕೋಟಿ ಡಾಲರಿಗೂ ಮೇಲೆ ಬೇಕು ಎಂಬ ಲೆಕ್ಕವೂ ಬಂತು. ಇನ್ನೊಂದು ವಿಪರ್ಯಾಸ ನೋಡಿ. ಈ ಬಂದರಿನಿಂದ ಹೊರಡುವುದೇ ಮೆಸಾಬಿ ಬೆಟ್ಟಸಾಲಿನ ಕಬ್ಬಿಣದ ಅದಿರು. ಉಕ್ಕಿನ ತವರೂರಿನಲ್ಲೇ ಉಕ್ಕಿಗೆ ಹುಣ್ಣು!

ಇಷ್ಟು ವರ್ಷ ಯಾಕೆ ಯಾರಿಗೂ ಗೊತ್ತಾಗಲಿಲ್ಲ? ಒಂದು, ಅದು ನೀರಿನಡಿ ಇತ್ತು. ಎರಡು, "ಸಿಹಿನೀರು, ಏನೂ ಆಗಲ್ಲ" ಎಂಬ ನಂಬಿಕೆ ಗಟ್ಟಿಯಾಗಿತ್ತು. ಆ ನಂಬಿಕೆಗೆ ಕಾರಣವೂ ಇತ್ತು. ಸಮುದ್ರದ ಹಡಗು ಇಪ್ಪತ್ತೈದು ಮೂವತ್ತು ವರ್ಷಕ್ಕೆ ಗುಜರಿಗೆ ಹೋದರೆ ಈ ಸರೋವರಗಳ ಹಡಗುಗಳು ಐವತ್ತು ಅರುವತ್ತು ವರ್ಷ ಆರಾಮಾಗಿ ಓಡುತ್ತವೆ. ಹಡಗು ಚೆನ್ನಾಗಿದೆ, ಹಾಗಾದರೆ ಗೋಡೆಯೂ ಚೆನ್ನಾಗಿರುತ್ತದೆ ಅಂದುಕೊಂಡರು. ಆದರೆ ಹಡಗನ್ನು ನೀರಿನಿಂದ ಎತ್ತಿ ನೋಡುತ್ತಾರೆ, ತಿಕ್ಕುತ್ತಾರೆ, ಬಣ್ಣ ಹೊಡೆಯುತ್ತಾರೆ. ಗೋಡೆಯನ್ನು ಯಾರು ಎತ್ತಿ ನೋಡುತ್ತಾರೆ?

ಮಿನ್ನೆಸೋಟ ವಿಶ್ವವಿದ್ಯಾಲಯದ ಡುಲೂತ್ ಶಾಖೆಯ ಜೀವಶಾಸ್ತ್ರಜ್ಞ ರ‍್ಯಾಂಡಲ್ ಹಿಕ್ಸ್ ಮತ್ತು ಸಂಗಡಿಗರು ಆ ಗುಳ್ಳೆಗಳನ್ನು ಕೆರೆದು ಪರೀಕ್ಷಿಸಿದರು. ಒಳಗೆ ಸಿಕ್ಕಿದ್ದು ಬ್ಯಾಕ್ಟೀರಿಯಾಗಳ ಇಡೀ ಸಂಸಾರ. ಕಬ್ಬಿಣವನ್ನು ತುಕ್ಕಾಗಿಸಿ ಬದುಕುವವು ಒಂದು ಬಗೆ. ನೀರಿನಲ್ಲಿರುವ ಸಲ್ಫೇಟನ್ನು 'ಉಸಿರಾಡಿ' ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುವವು ಇನ್ನೊಂದು ಬಗೆ.

ಇದು ನಮಗೆ ತೀರಾ ಅಪರಿಚಿತವೂ ಅಲ್ಲ. ಕರಾವಳಿ, ಮಲೆನಾಡಿನ ಕಡೆಯವರು ನೆನಪು ಮಾಡಿಕೊಳ್ಳಿ. ಮುರಕಲ್ಲಿನ ನೆಲದ ತೋಡಿನಲ್ಲಿ, ಗದ್ದೆಯ ಬದಿಯ ಒರತೆಯಲ್ಲಿ ಕೆಂಪು ಲೋಳೆ ಕಟ್ಟುತ್ತದೆ. ಅದರ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಬಣ್ಣಬಣ್ಣದ ಪರೆ. ಚಿಕ್ಕವರಿದ್ದಾಗ ಅದು ಪೆಟ್ರೋಲು ಅಂತ ಜಗಳ ಆಡುತ್ತಿದ್ದೆವು! ಕಡ್ಡಿಯಿಂದ ತಿವಿದರೆ ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಈ ಪರೆ ಚೂರು ಚೂರಾಗಿ ಒಡೆದು ಹಾಗೇ ನಿಲ್ಲುತ್ತದೆ. ಅದು ಕಬ್ಬಿಣದ ಬ್ಯಾಕ್ಟೀರಿಯಾಗಳ ಕೆಲಸ. ಡುಲೂತ್‌ನ ಗುಳ್ಳೆಯೊಳಗೆ ಇರುವವು ಅವುಗಳ ದಾಯಾದಿಗಳು.

ಗೋಡೆಯ ಮೇಲೆ ನಡೆಯುವುದನ್ನು ಹಲ್ಲಿಗೆ ಹೋಲಿಸಿದರೆ ಸುಲಭ. ಹಲ್ಲು ಉಜ್ಜದಿದ್ದರೆ ಮೇಲೆ ಲೋಳೆಯ ಪದರ ಕಟ್ಟುತ್ತದೆ. ಅದರೊಳಗೆ ಬ್ಯಾಕ್ಟೀರಿಯಾ ಸೇರಿ ಆಮ್ಲ ಮಾಡುತ್ತವೆ. ಹಲ್ಲು ಒಂದೇ ಸಮ ಸವೆಯುವುದಿಲ್ಲ, ಒಂದು ಕಡೆ ತೂತು ಬೀಳುತ್ತದೆ. ಉಕ್ಕಿನದ್ದೂ ಹೀಗೆಯೇ. ಮೇಲಿನ ಪದರದ ಬ್ಯಾಕ್ಟೀರಿಯಾ ಆಮ್ಲಜನಕ ತಿಂದು ಮುಗಿಸುತ್ತವೆ. ಗಾಳಿಯಿಲ್ಲದ ಕೆಳಪದರದಲ್ಲಿ ಸಲ್ಫೇಟ್ ಬ್ಯಾಕ್ಟೀರಿಯಾ ಸಂಸಾರ ಹೂಡುತ್ತವೆ. ಅವು ಬಿಡುವ ಸಲ್ಫೈಡ್ ಕಬ್ಬಿಣದೊಂದಿಗೆ ಸೇರಿ ಆ ಕಪ್ಪು ರಾಡಿಯಾಗುತ್ತದೆ. ಗುಳ್ಳೆಯ ಅಡಿ ಮತ್ತು ಹೊರಗಿನ ಉಕ್ಕಿನ ನಡುವೆ ಒಂದು ಪುಟ್ಟ ಬ್ಯಾಟರಿಯೇ ಹುಟ್ಟಿ ಗುಳಿ ಆಳವಾಗುತ್ತಾ ಹೋಗುತ್ತದೆ. ಡುಲೂತ್‌ನಲ್ಲಿ ಇದಕ್ಕೆ ಇನ್ನೊಂದು ಪೀಡೆ ಸೇರಿತು. ನೀರಿನಲ್ಲಿರುವ ತಾಮ್ರದ ಅಂಶ ಗುಳ್ಳೆಯಡಿಯ ಉಕ್ಕಿನ ಮೇಲೆ ಕೂತು ಸವೆತವನ್ನು ಹೆಚ್ಚಿಸುತ್ತದೆ ಎಂದು ಕಂಡುಕೊಂಡರು. ಚಳಿಗಾಲದಲ್ಲಿ ಮಂಜುಗಡ್ಡೆ ಗೋಡೆಗೆ ಉಜ್ಜಿ, ಗಾಯದ ಹಕ್ಕಳೆ ಕಿತ್ತ ಹಾಗೆ, ಗುಳ್ಳೆಗಳನ್ನು ಕಿತ್ತು ಹೊಸ ಉಕ್ಕನ್ನು ತೆರೆದಿಡುತ್ತದೆ. ವಸಂತ ಬಂದರೆ ಮತ್ತೆ ಶುರು.

ಉಪ್ಪುನೀರಿನಲ್ಲೂ ಇದೇ ತಂಟೆ ಇದೆ. ಬ್ರಿಟನ್ನಿನ ಬಂದರುಗಳಲ್ಲಿ ಇಳಿತದ ನೀರಿನ ಮಟ್ಟದ ಹತ್ತಿರ ಉಕ್ಕಿನ ಗೋಡೆಗಳಿಗೆ ಇದೇ ತರಹದ ಕಿತ್ತಳೆ ಮಚ್ಚೆ, ಅದರಡಿ ಕಪ್ಪು ರಾಡಿ. ಅಲ್ಲಿ ವರ್ಷಕ್ಕೆ ಅರ್ಧ ಮಿಲಿಮೀಟರ್, ಕೆಲವು ಕಡೆ ಅದಕ್ಕೂ ಹೆಚ್ಚು ಉಕ್ಕು ಹೋಗುತ್ತದೆ. ಹತ್ತು ಮಿಲಿಮೀಟರ್ ದಪ್ಪದ ಗೋಡೆಗೆ ಇಪ್ಪತ್ತು ವರ್ಷ ಆಯುಷ್ಯ ಅಂತ ನೀವೇ ಲೆಕ್ಕ ಹಾಕಬಹುದು. ಗೋಡೆ ಕಟ್ಟಿದವರು ಐವತ್ತು ವರ್ಷ ಅಂದುಕೊಂಡಿದ್ದರೆ?

ಹಾಗಾದರೆ ಇದು ಹೊಸ ವಿದ್ಯೆಯೇ? ಅಲ್ಲ. ಸಲ್ಫೇಟ್ ಬ್ಯಾಕ್ಟೀರಿಯಾವನ್ನು ಹಾಲೆಂಡಿನ ಡೆಲ್ಫ್ಟ್‌ನಲ್ಲಿ ಬೈಯರಿಂಕ್ 1895ರಲ್ಲೇ ಗುರುತಿಸಿದ್ದರು. ಒದ್ದೆ ಮಣ್ಣಿನಲ್ಲಿ ಹೂತ ನೀರಿನ ಕೊಳವೆಗಳು ಹಾಳಾಗುವುದಕ್ಕೆ ಇವೇ ಕಾರಣ ಎಂದು 1934ರಲ್ಲಿ ಅದೇ ದೇಶದ ಇಬ್ಬರು ವಿಜ್ಞಾನಿಗಳು ಬರೆದರು. ಕೆಲವು ಬ್ಯಾಕ್ಟೀರಿಯಾ ಕಬ್ಬಿಣದಿಂದ ನೇರವಾಗಿ ಇಲೆಕ್ಟ್ರಾನುಗಳನ್ನು ಹೀರಿಕೊಂಡು ಬದುಕಬಲ್ಲವು ಎಂಬುದಕ್ಕೆ 2004ರಲ್ಲಿ ಜರ್ಮನಿಯಲ್ಲಿ ಪುರಾವೆ ಸಿಕ್ಕಿತು. ಅಂದರೆ ವಿದ್ಯೆ ಇತ್ತು. ಆದರೆ ಆ ವಿದ್ಯೆ ಜೀವಶಾಸ್ತ್ರದವರ ಕಪಾಟಿನಲ್ಲಿತ್ತು, ಗೋಡೆ ಎಂಜಿನಿಯರ್‌ಗಳ ಕೈಯಲ್ಲಿತ್ತು. ನಡುವೆ ದಾರಿ ಇರಲಿಲ್ಲ.

ಇದಕ್ಕೆ ಇನ್ನೂ ಹಳೆಯ ಉದಾಹರಣೆ ಒಂದಿದೆ. 1824ರಲ್ಲಿ ಇಂಗ್ಲೆಂಡಿನ ಹೆಸರಾಂತ ರಸಾಯನ ವಿಜ್ಞಾನಿ ಹಂಫ್ರಿ ಡೇವಿಗೆ ನೌಕಾಪಡೆಯವರು ಒಂದು ಕೆಲಸ ಒಪ್ಪಿಸಿದರು. ಮರದ ಹಡಗುಗಳ ತಳಕ್ಕೆ ಹೊಡೆದ ತಾಮ್ರದ ತಗಡು ಸವೆಯುತ್ತಿದೆ, ಉಪಾಯ ಹೇಳಿ ಎಂದು. ಡೇವಿ ತಾಮ್ರಕ್ಕೆ ಸತುವಿನ, ಕಬ್ಬಿಣದ ತುಂಡು ಜೋಡಿಸಿದರು. ತಾಮ್ರದ ಬದಲು ಆ ತುಂಡು ಸವೆಯಿತು, ತಾಮ್ರ ಉಳಿಯಿತು. ರಸಾಯನ ಶಾಸ್ತ್ರ ಗೆದ್ದಿತು! ಆದರೆ ತಾಮ್ರ ಕರಗುವುದು ನಿಂತ ಕೂಡಲೇ ಹಡಗಿನ ತಳಕ್ಕೆ ಚಿಪ್ಪುಹುಳು, ಪಾಚಿ ಮುತ್ತಿಕೊಂಡವು. ಕರಗುವ ತಾಮ್ರದ ವಿಷವೇ ಅವನ್ನು ದೂರ ಇಟ್ಟಿತ್ತು. ಹಡಗು ನಿಧಾನವಾಯಿತು, ನೌಕಾಪಡೆ ಆ ಉಪಾಯವನ್ನೇ ಕೈಬಿಟ್ಟಿತು. ಡೇವಿಯ ವಿದ್ಯೆ ಸರಿಯೇ ಇತ್ತು. ಇವತ್ತಿಗೂ ಸಮುದ್ರದ ಹೆಚ್ಚಿನ ಉಕ್ಕಿನ ಹಡಗುಗಳು ಅದನ್ನೇ ನಂಬಿವೆ. ಕೊರತೆ ಇದ್ದದ್ದು ಜೀವಿಗಳನ್ನು ಬಲ್ಲವರ ಮಾತು ಕೇಳುವುದರಲ್ಲಿ.

ಈಗ ನನ್ನದೇ ತಪ್ಪೊಂದನ್ನು ಹೇಳಬೇಕು. ಇಲ್ಲಿಗೆ ಬರುವ ಮೊದಲು ನಾನು ಕೊಲ್ಲಿ ದೇಶದಲ್ಲಿ ಆರು ವರ್ಷ ಇದ್ದೆ. ಸಮುದ್ರದಂಚಿನ ಒಂದು ಸ್ಥಾವರದಲ್ಲಿ ಹೊಸದಾಗಿ ಹಾಕಿದ ಸ್ಟೇನ್‌ಲೆಸ್ ಸ್ಟೀಲ್ ಪೈಪುಗಳ ಪರೀಕ್ಷೆ ನಡೆಯುತ್ತಿತ್ತು. ಪೈಪಿಗೆ ನೀರು ತುಂಬಿ, ಒತ್ತಡ ಕೊಟ್ಟು, ಎಲ್ಲಿಯೂ ಸೋರುವುದಿಲ್ಲ ಎಂದು ನೋಡುವ ಪರೀಕ್ಷೆ. ಸೋರಲಿಲ್ಲ. ನಾನು ಕಾಗದಕ್ಕೆ ಸಹಿ ಹಾಕಿದೆ. ಆಮೇಲೆ ಕಂಟ್ರಾಕ್ಟಿನ ತಗಾದೆ ಎದ್ದು ಕೆಲಸ ನಿಂತಿತು. ಪೈಪಿನಲ್ಲಿದ್ದ ನೀರು ಹಾಗೆಯೇ ನಿಂತಿತು. ಒಂದೆರಡು ದಿನ ಅಲ್ಲ, ನಾಲ್ಕು ತಿಂಗಳು, ಅದೂ ಕೊಲ್ಲಿಯ ಬೇಸಿಗೆಯಲ್ಲಿ. ಮತ್ತೆ ಕೆಲಸ ಶುರುವಾದಾಗ ಬೆಸುಗೆ ಹಾಕಿದ ಜಾಗಗಳಲ್ಲಿ ಸೂಜಿಮೊನೆಯಂತಹ ತೂತುಗಳಿಂದ ನೀರು ಜಿನುಗುತ್ತಿತ್ತು. ಒಂದು ದಿನವೂ ಬಳಸದ ಪೈಪು ಗುಜರಿಗೆ ಹೋಯಿತು.

ನೀರು ಖಾಲಿ ಮಾಡಿ ಒಣಗಿಸುವುದು ಯಾರ ಕೆಲಸ? ನನ್ನ ಕೆಲಸ ಪರೀಕ್ಷೆ, ಕಂಟ್ರಾಕ್ಟರನ ಕೆಲಸ ಜೋಡಣೆ, ಮಾಲೀಕರ ಕೆಲಸ ಇನ್ನೂ ಶುರುವಾಗಿರಲಿಲ್ಲ. ಮೂವರೂ ಸಭೆಯಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡಿದೆವು. ಕಾಗದದ ಪ್ರಕಾರ ಯಾರದ್ದೂ ತಪ್ಪಿಲ್ಲ! ಆದರೆ ನನಗೆ ಗೊತ್ತು. "ನೀರು ಯಾವಾಗ ತೆಗೆಯುತ್ತೀರಿ?" ಎಂಬ ಒಂದು ಪ್ರಶ್ನೆ ನಾನು ಕೇಳಬಹುದಿತ್ತು. ಕೇಳಲಿಲ್ಲ.

ಈ ಲೇಖನದ ಮಾತು ಇಷ್ಟೇ. ಬ್ಯಾಕ್ಟೀರಿಯಾದ ತುಕ್ಕನ್ನು ತಡೆಯಲು ಬೇಕಾದ ವಿದ್ಯೆ ನಮ್ಮಲ್ಲಿದೆ. ಇಲ್ಲದಿರುವುದು ಅದಕ್ಕೆ ಹೊಣೆಯಾದ ಮನುಷ್ಯ. ಅದು ಎರಡು ಶಾಸ್ತ್ರಗಳ ನಡುವೆ, ಎರಡು ಬಜೆಟ್‌ಗಳ ನಡುವೆ, ಎರಡು ಸಹಿಗಳ ನಡುವೆ ಬೀಳುತ್ತದೆ. ಹೊಸ ದಕ್ಕೆಗೆ ರಿಬ್ಬನ್ ಕತ್ತರಿಸಲು ಮಂತ್ರಿಗಳು ಬರುತ್ತಾರೆ. ಹಳೆಯ ದಕ್ಕೆಯ ಗೋಡೆಯ ದಪ್ಪ ಅಳೆದದ್ದಕ್ಕೆ ಯಾರಾದರೂ ಹಾರ ಹಾಕಿದ್ದನ್ನು ನೋಡಿದ್ದೀರಾ?

ತಡೆಯುವುದು ಹೇಗೆ ಅಂತ ಚಿಕ್ಕದಾಗಿ ಹೇಳುತ್ತೇನೆ. ಮೊದಲನೆಯದು ಲೇಪನ. ಗೋಡೆ ನೆಡುವ ಮುಂಚೆ, ಒಣನೆಲದಲ್ಲೇ, ಉಕ್ಕನ್ನು ಚೆನ್ನಾಗಿ ಉಜ್ಜಿ ಗಟ್ಟಿ ಎಪಾಕ್ಸಿ ಬಳಿಯುವುದು. ನೀರಿಗಿಳಿದ ಮೇಲೆ ಅದೇ ಕೆಲಸಕ್ಕೆ ಎಷ್ಟೋ ಪಟ್ಟು ಖರ್ಚು. ಡುಲೂತ್‌ನಲ್ಲಿ ಮಂಜುಗಡ್ಡೆಯ ಉಜ್ಜಾಟ ತಾಳುವ ಲೇಪನ ಯಾವುದೆಂದು ಅಲ್ಲಿಯೇ ನೀರಿನಲ್ಲಿಟ್ಟು ಪ್ರಯೋಗ ಮಾಡಿದ್ದು ಇದಕ್ಕೇ.

ಎರಡನೆಯದು ಡೇವಿಯ ವಿದ್ಯೆ. ಉಕ್ಕಿನ ಬದಲು ಸವೆದು ಪ್ರಾಣ ಕೊಡುವ ಸತು, ಅಲ್ಯೂಮಿನಿಯಂ ಗಟ್ಟಿಗಳನ್ನು ಕಟ್ಟುವುದು, ಇಲ್ಲವೇ ಸಣ್ಣ ಕರೆಂಟ್ ಹರಿಸುವುದು. ಸಿಹಿನೀರಿನಲ್ಲಿ ಕರೆಂಟ್ ಸುಲಭಕ್ಕೆ ಹರಿಯದು, ಹಾಗಾಗಿ ಅಲ್ಲಿ ಮೆಗ್ನೀಸಿಯಂ ಬೇಕಾಗುತ್ತದೆ. ಬ್ಯಾಕ್ಟೀರಿಯಾ ಇರುವ ಕಡೆ ಮಾಮೂಲಿ ರಕ್ಷಣೆ ಸಾಲದು, 100 ಮಿಲಿವೋಲ್ಟ್‌ನಷ್ಟು ಹೆಚ್ಚಿಗೆ ಕೊಡಬೇಕು ಎಂಬುದು ಎಂಜಿನಿಯರ್‌ಗಳು ಪಾಲಿಸುವ ನಿಯಮ. ಆದರೆ ಬ್ಯಾಕ್ಟೀರಿಯಾ ಇದೆ ಎಂದು ಗೊತ್ತಿದ್ದರೆ ತಾನೇ ಕೊಡುವುದು?

ಮೂರನೆಯದು ಶುಚಿ. ನಿಂತ ನೀರು, ತಳದಲ್ಲಿ ಕೂತ ಕೆಸರು, ಡೀಸೆಲ್ ಟ್ಯಾಂಕಿನ ಅಡಿಯಲ್ಲಿ ಸೇರಿದ ನೀರು, ಇವೆಲ್ಲ ಬ್ಯಾಕ್ಟೀರಿಯಾಗಳ ಛತ್ರ. ಹಡಗಿನ ಸಮತೋಲಕ್ಕೆ ನೀರು ತುಂಬುವ ಬ್ಯಾಲಸ್ಟ್ ಟ್ಯಾಂಕುಗಳೂ ಹಾಗೆಯೇ. ನೀರಿನ ಜೊತೆ ಕೆಸರು ಬಂದು ತಳದಲ್ಲಿ ಕೂರುತ್ತದೆ. ಆ ಟ್ಯಾಂಕುಗಳ ಒಳಮೈಗೆ ಬಳಿಯುವ ಬಣ್ಣಕ್ಕೆ ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2006ರ ಡಿಸೆಂಬರಿನಲ್ಲಿ ಮಾನದಂಡ ಹಾಕಿತು. 320 ಮೈಕ್ರಾನ್ ದಪ್ಪ ಇರಬೇಕು, ಅಂದರೆ ನಾಲ್ಕೈದು ಕೂದಲೆಳೆಯಷ್ಟು. ಹದಿನೈದು ವರ್ಷ ಚೆನ್ನಾಗಿ ಬಾಳುವುದೇ ಗುರಿ. ನಾಲ್ಕು ಕೂದಲೆಳೆ ದಪ್ಪದ ಬಣ್ಣದ ಮೇಲೆ ಒಂದು ಹಡಗಿನ ಆಯುಷ್ಯ ನಿಂತಿದೆ!

ನಾಲ್ಕನೆಯದು ನೋಡುವುದು. ನಿಗದಿತ ಕಾಲಕ್ಕೆ ಮುಳುಗುಗಾರರನ್ನು ಇಳಿಸಿ, ಗುಳ್ಳೆ ಕೆರೆದು, ಶಬ್ದತರಂಗದ ಉಪಕರಣದಿಂದ ಉಕ್ಕಿನ ದಪ್ಪ ಅಳೆದು, ಬರೆದಿಡುವುದು. ಇದು ಎಲ್ಲಕ್ಕಿಂತ ಅಗ್ಗ. ಎಲ್ಲಕ್ಕಿಂತ ಮೊದಲು ಖರ್ಚು ಕಡಿತವಾಗುವುದೂ ಇದಕ್ಕೇ.

ವಿಷ ಹಾಕಿ ಕೊಂದುಬಿಟ್ಟರೆ ಆಗದೇ ಅಂತ ಕೆಲವರು ಕೇಳುತ್ತಾರೆ. ಮುಚ್ಚಿದ ಪೈಪಿನಲ್ಲಿ ಅದನ್ನೂ ಮಾಡುತ್ತಾರೆ, ಆದರೆ ಲೋಳೆಯ ಪದರದ ಅಡಿಗೆ ವಿಷ ಸರಿಯಾಗಿ ಇಳಿಯುವುದಿಲ್ಲ. ತೆರೆದ ನೀರಿಗೆ ವಿಷ ಹಾಕುವುದಂತೂ ಬೇಡವೇ ಬೇಡ. ಹಡಗಿನ ತಳಕ್ಕೆ ಚಿಪ್ಪು ಅಂಟದಂತೆ ತವರದ ಒಂದು ಘೋರ ವಿಷ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಅದರಿಂದ ಸಮುದ್ರದ ಮೃದ್ವಂಗಿಗಳು ನಾಶವಾಗತೊಡಗಿ, 2001ರಲ್ಲಿ ಒಪ್ಪಂದ ಮಾಡಿಕೊಂಡು, 2008ರಿಂದ ಅದನ್ನು ಜಗತ್ತಿನಾದ್ಯಂತ ನಿಷೇಧಿಸಬೇಕಾಯಿತು. ಹಲ್ಲು ಹುಳುಕಾಗಬಾರದೆಂದು ವಿಷ ಕುಡಿಯುವುದಿಲ್ಲವಲ್ಲ, ಉಜ್ಜುತ್ತೇವೆ!

ಈ ವಿಷಯ ಸಂಘದ ಗೆಳೆಯರೊಬ್ಬರ ಮನೆಯಲ್ಲಿ ಮಾತಿಗೆ ಬಂದಾಗ ಅವರು ಎರಡು ಆಕ್ಷೇಪ ಎತ್ತಿದರು. ಎರಡೂ ಸರಿಯಾದವೇ. "ಇದೆಲ್ಲ ಪೇಂಟ್ ಕಂಪನಿಯವರು ಹುಟ್ಟಿಸೋ ಭಯ ಅಲ್ವೇನ್ರೀ?" ಎಂಬುದು ಮೊದಲನೆಯದು. ಎಲ್ಲ ತುಕ್ಕಿಗೂ ಬ್ಯಾಕ್ಟೀರಿಯಾವನ್ನೇ ಬೈಯುವುದು ತಪ್ಪು, ಒಪ್ಪುತ್ತೇನೆ. ಬ್ಯಾಕ್ಟೀರಿಯಾ ಎಲ್ಲ ಕಡೆಯೂ ಇರುತ್ತವೆ. ಇದ್ದ ಮಾತ್ರಕ್ಕೆ ಅವೇ ಅಪರಾಧಿ ಎನ್ನಲಾಗದು. ಗುಳಿಯ ಆಕಾರ, ರಾಡಿಯ ರಾಸಾಯನಿಕ ಗುಣ, ನೀರಿನ ಗುಣ, ಸವೆತದ ವೇಗ ಎಲ್ಲ ಕೂಡಿಸಿ ನೋಡಬೇಕು. ಅದಕ್ಕೇ ನಾನು ಮೊದಲು ಕೇಳುತ್ತಿರುವುದು ಬಣ್ಣವನ್ನಲ್ಲ, ಅಳತೆಯನ್ನು. ಅಳೆದರೆ ಸುಳ್ಳು ಭಯವೂ ಹೋಗುತ್ತದೆ, ಸುಳ್ಳು ಧೈರ್ಯವೂ ಹೋಗುತ್ತದೆ.

ಎರಡನೆಯದು, "ಇರೋ ದುಡ್ಡಲ್ಲಿ ಸ್ಕೂಲು ನಡೆಸಬೇಕೋ, ಗೋಡೆ ಕೆರೀಬೇಕೋ?" ಇದು ಕಷ್ಟದ ಪ್ರಶ್ನೆ. ಆದರೆ ಗೋಡೆ ಕೆರೆಯದಿದ್ದರೆ ದುಡ್ಡು ಉಳಿಯುತ್ತದೆ ಎಂಬುದೇ ತಪ್ಪು ಲೆಕ್ಕ. ಆ ಖರ್ಚು ಮಕ್ಕಳ ತಲೆಗೆ ಹೋಗುತ್ತದೆ, ಬಡ್ಡಿ ಸಮೇತ. ಮಿನ್ನೆಸೋಟದ ಬಂದರುಗಳ ದುರಸ್ತಿಗೆ ರಾಜ್ಯ ಸರ್ಕಾರದ ನೆರವಿನ ಯೋಜನೆ ಇದೆ. ಅದು ನಾವು ನೀವು ಕಟ್ಟುವ ತೆರಿಗೆಯೇ.

ಇನ್ನು ದುಡ್ಡಿನಲ್ಲಿ ಅಳೆಯಲಾಗದ ಲೆಕ್ಕವೂ ಒಂದಿದೆ. 2000ನೇ ಇಸವಿಯ ಆಗಸ್ಟ್ 19ರ ಮುಂಜಾವ, ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬಾಡ್ ಬಳಿ, ಪೆಕೋಸ್ ನದಿಯ ದಂಡೆಯಲ್ಲಿ ಒಂದೇ ಬಂಧುಬಳಗದ ಹನ್ನೆರಡು ಜನ ಟೆಂಟ್ ಹಾಕಿ ಮಲಗಿದ್ದರು. ಹತ್ತಿರದಲ್ಲೇ ಹಾದುಹೋಗಿದ್ದ ನೈಸರ್ಗಿಕ ಅನಿಲದ ಪೈಪು ಒಡೆದು ಬೆಂಕಿ ಹತ್ತಿತು. ಹನ್ನೆರಡು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿತು. ಪೈಪಿನ ಒಳಮೈ ತುಕ್ಕು ಹಿಡಿದು ತೆಳುವಾಗಿತ್ತು. ತೇವ, ಕ್ಲೋರೈಡ್, ಬೇರೆ ಅನಿಲಗಳ ಜೊತೆಗೆ ಸೂಕ್ಷ್ಮಜೀವಿಗಳೂ ಸೇರಿ ಆ ತುಕ್ಕಿಗೆ ಕಾರಣವಾಗಿರುವ ಸಾಧ್ಯತೆ ಇದೆ ಎಂದಿತು. ಅದನ್ನು ತಡೆಯುವ, ಪತ್ತೆ ಮಾಡುವ ವ್ಯವಸ್ಥೆ ವಿಫಲವಾಗಿತ್ತು ಎಂದೂ ಹೇಳಿತು. ನಾವೂ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ನದಿ ದಂಡೆಯಲ್ಲಿ ಕ್ಯಾಂಪಿಂಗ್ ಹೋಗುವವರೇ. ಆ ರಾತ್ರಿ ಮಲಗಿದವರಿಗೆ ಪೈಪಿನ ಒಳಗೇನಾಗಿದೆ ಎಂದು ಹೇಗೆ ಗೊತ್ತಾಗಬೇಕಿತ್ತು? ಗೊತ್ತಿರಬೇಕಾದವರು ಬೇರೆ.

ನಮ್ಮೂರಿನ ಮಾತಿಗೆ ಬಂದರೆ, ಕರ್ನಾಟಕದ ಕರಾವಳಿಯಲ್ಲಿ ನೀರಿಗಿಳಿದ ಉಕ್ಕು ದಿನೇ ದಿನೇ ಹೆಚ್ಚುತ್ತಿದೆ. ನವಮಂಗಳೂರು ಬಂದರಿಗೆ ಐವತ್ತು ವರ್ಷ ತುಂಬಿದೆ. ಕಾರವಾರದಲ್ಲಿ 2005ರಿಂದ ನೌಕಾನೆಲೆ ಇದೆ. ಮಲ್ಪೆ, ಮಂಗಳೂರಿನ ಮೀನುಗಾರಿಕೆಯಲ್ಲಿ ಉಕ್ಕಿನ ದೋಣಿಗಳೂ ಓಡುತ್ತವೆ. ಡುಲೂತ್‌ನಲ್ಲಿ ವರ್ಷದ ಕೆಲವು ತಿಂಗಳಾದರೂ ಚಳಿಗೆ ಬ್ಯಾಕ್ಟೀರಿಯಾ ಮಂದವಾಗುತ್ತವೆ. ಅರಬ್ಬೀ ಸಮುದ್ರದ ಬೆಚ್ಚಗಿನ ನೀರಿನಲ್ಲಿ ಅವಕ್ಕೆ ರಜೆಯೇ ಇಲ್ಲ. ಉಕ್ಕಿನ ದೋಣಿಯ ತಳದಲ್ಲಿ ನಿಂತ ನೀರಿಗೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಮೂಗು ಮುಚ್ಚಿಕೊಂಡರೆ ಸಾಲದು, ತಳದ ತಗಡು ನೋಡಬೇಕು.

ವಿದ್ಯೆಗೆ ಅಲ್ಲಿಯೂ ಕೊರತೆ ಇಲ್ಲ. ತಮಿಳುನಾಡಿನ ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಸಾಯನ ಸಂಶೋಧನಾ ಸಂಸ್ಥೆಯಲ್ಲಿ ಜೈವಿಕ ತುಕ್ಕಿನ ಮೇಲೆ ಸಂಶೋಧನೆ ನಡೆದಿದೆ. ಗೋವಾದಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಇದೆ, ಕಾರವಾರದಿಂದ ಅರ್ಧ ದಿನದ ದಾರಿಯೂ ಅಲ್ಲ. ಕರಾವಳಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಮೀನುಗಾರಿಕಾ ಕಾಲೇಜು ಇದೆ. ಇವರನ್ನೆಲ್ಲ ಒಂದೇ ದಕ್ಕೆಯ ಮೇಲೆ ಒಟ್ಟಿಗೆ ನಿಲ್ಲಿಸುವವರು ಬೇಕು. ಹೊಸ ಬಂದರಿನ ಟೆಂಡರ್ ಬರೆಯುವಾಗಲೇ "ನೀರಿನಡಿಯ ಉಕ್ಕಿಗೆ ಹೊಣೆ ಯಾರು, ಎಷ್ಟು ವರ್ಷಕ್ಕೊಮ್ಮೆ ಅಳೆಯಬೇಕು, ಅಳತೆಯನ್ನು ಯಾರಿಗೆ ತೋರಿಸಬೇಕು" ಎಂಬ ಮೂರು ಸಾಲು ಇರಬೇಕು. ಅದಕ್ಕೆ ಕೋಟಿ ರೂಪಾಯಿ ಬೇಡ, ಮೂರು ಸಾಲು ಬರೆಯುವ ಮನಸ್ಸು ಸಾಕು.

ನಮ್ಮ ಸಂಘದಲ್ಲಿ ಬಹಳಷ್ಟು ಎಂಜಿನಿಯರ್‌ಗಳಿದ್ದೇವೆ. ಹೆಚ್ಚಿನವರು ಸಾಫ್ಟ್‌ವೇರ್‌ನವರು ನಿಜ, ಆದರೆ ಸ್ಥಾವರ, ಪೈಪು, ನೀರು ಸರಬರಾಜಿನಲ್ಲಿ ಇರುವವರೂ ಇದ್ದೀರಿ. ಮುಂದಿನ ಸಲ ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿ: "ಈ ನೀರು ಇಲ್ಲಿ ಎಷ್ಟು ದಿನ ನಿಲ್ಲುತ್ತದೆ? ತೆಗೆಯುವವರು ಯಾರು?" ಕೇಳಿದರೆ ಸಭೆಯಲ್ಲಿ ಕೆಲವರು ಮುಖ ಸಿಂಡರಿಸಬಹುದು. ಸಿಂಡರಿಸಲಿ. ಕೇಳದೆ ಇದ್ದದ್ದಕ್ಕೆ ನಾನು ಈಗಲೂ ಮುಖ ಸಿಂಡರಿಸಿಕೊಳ್ಳುತ್ತಿದ್ದೇನೆ.

ಕಾಲೇಜು ಸೇರುವ ಮಕ್ಕಳಿರುವ ತಂದೆ-ತಾಯಿಯರಿಗೂ ಒಂದು ಮಾತು. "ನನಗೆ ಬಯಾಲಜಿಯೂ ಇಷ್ಟ, ಮೆಷಿನ್ನುಗಳೂ ಇಷ್ಟ" ಎಂದು ಮಗನೋ ಮಗಳೋ ಹೇಳಿದರೆ, ಯಾವುದಾದರೂ ಒಂದು ಆರಿಸಿಕೋ ಎಂದು ಗದರಿಸಬೇಡಿ. ಎರಡರ ನಡುವೆ ಖಾಲಿ ಕುರ್ಚಿಗಳಿವೆ. ಡುಲೂತ್‌ನ ಗೋಡೆ ಅಂಥವರಿಗಾಗಿಯೇ ಕಾದಿತ್ತು.

ಅಪ್ಪ ಊರಿಗೆ ಹೋಗಿ ಎಂಟು ತಿಂಗಳಾಯಿತು. ಭಾನುವಾರ ಫೋನ್ ಮಾಡಿದರೆ ಮೊಮ್ಮಕ್ಕಳ ಸಮಾಚಾರ ಆದ ಮೇಲೆ ಈಗಲೂ ಒಂದು ಪ್ರಶ್ನೆ ಇರುತ್ತದೆ. "ಆ ಗೋಡೆಗೆ ಎಂತಾದರೂ ಮದ್ದು ಮಾಡಿದ್ರಾ ಮಾರಾಯ?"

ಕೆಲವು ಕಡೆ ಮಾಡುತ್ತಿದ್ದಾರೆ ಅಪ್ಪ ಎನ್ನುತ್ತೇನೆ. ಆ ಗೋಡೆಯ ವಿಷಯ ನನಗೆ ಗೊತ್ತಿಲ್ಲ. ಈ ಬೇಸಿಗೆಯಲ್ಲಿ ಹೋದಾಗ ಬಂದರಿನ ಆಫೀಸಿಗೇ ಹೋಗಿ ಕೇಳಬೇಕೆಂದಿದ್ದೇನೆ. ಜೊತೆಗೆ ಬರುವವರಿದ್ದರೆ ತಿಳಿಸಿ, ಪುಳಿಯೋಗರೆ ನಮ್ಮ ಮನೆಯದು. ನೀವೂ ಡುಲೂತ್‌ಗೆ ಹೋದರೆ ಸೇತುವೆ ನೋಡಿ, ಹಡಗು ನೋಡಿ. ಮಕ್ಕಳ ಕೈ ಗಟ್ಟಿಯಾಗಿ ಹಿಡಿದುಕೊಂಡು ಒಂದು ನಿಮಿಷ ಬಗ್ಗಿ ಗೋಡೆಯನ್ನೂ ನೋಡಿ.

ನಿಮ್ಮ ಅನಿಸಿಕೆ, ಅನುಭವಗಳನ್ನು ಬರೆದು ಕಳಿಸಿ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಿ.

ಸಿರಿಗನ್ನಡಂ ಗೆಲ್ಗೆ!

ಇಂತಿ,
ಸಂಘದ ಒಬ್ಬ ಸದಸ್ಯ